ಮನೆಮುರುಕಿ ಎನ್ನುವ ಮುನ್ನ

ನಮ್ಮ ಮನೆಯ ಮಹಡಿಯ ಕೋಣೆಯಲ್ಲಿ ಎರಡು ವರ್ಷ ಒಂದು ಸಂಗೀತದ ತಂಡ ಸಂಸಾರ ಹೂಡಿತ್ತು. ಮಗ, ಅವನ ಕಾಲೇಜಿನ ಮೂವರು ಗೆಳೆಯರು, ಎರಡು ಗಿಟಾರು, ಒಂದು ಡ್ರಮ್ಸು. ಭಾನುವಾರ ನಾನು ಉತ್ತರ ಪತ್ರಿಕೆಗಳ ಕಟ್ಟು ಬಿಚ್ಚಿ ಕುಳಿತರೆ ಸಾಕು, ಮೇಲಿನಿಂದ ಧಡಧಡ ಶುರುವಾಗುತ್ತಿತ್ತು. ಮಧ್ಯೆ ಮಧ್ಯೆ "ಅಮ್ಮಾ, ಟೀ" ಎಂಬ ಪಲ್ಲವಿ ಬೇರೆ.

ಕಳೆದ ವರ್ಷ ಆ ಸದ್ದು ನಿಂತಿತು. ಒಬ್ಬನಿಗೆ ಪುಣೆಯಲ್ಲಿ ಕೆಲಸ ಸಿಕ್ಕಿತು. ಇನ್ನೊಬ್ಬ ಕನ್ನಡದಲ್ಲೇ ಹಾಡೋಣವೆಂದ, ಮತ್ತೊಬ್ಬ ಬೇಡವೆಂದ. ಒಂದು ಕಾರ್ಯಕ್ರಮದಿಂದ ಬಂದ ಹಣ ಹಂಚಿಕೊಳ್ಳುವಾಗ ಮಾತಿಗೆ ಮಾತು ಬೆಳೆದದ್ದು ನನ್ನ ಅಡುಗೆಮನೆಗೂ ಕೇಳಿಸಿತ್ತು. ಇಷ್ಟೆಲ್ಲ ನಡೆದ ಮೇಲೆ ಮಗ ನನಗೆ ಕೊಟ್ಟ ಕಾರಣ ಮಾತ್ರ ಬೇರೆಯೇ.

"ಎಲ್ಲಾ ಆ ಹುಡುಗಿಯಿಂದ ಆಗಿದ್ದು ಅಮ್ಮಾ. ಅವಳು ಬಂದ ಮೇಲೆ ಅವನು ಬದಲಾಗ್ಬಿಟ್ಟ. ಅವಳೇ ನಮ್ಮ ಯೋಕೋ."

"ಯೋಕೋ ಅಂದ್ರೆ ಯಾರೋ?"

"ನಿಂಗೆ ಗೊತ್ತಿಲ್ವಾ? ಬೀಟಲ್ಸ್ ಬ್ಯಾಂಡ್ ಒಡೆದವಳು."

ಹಾಗೆಂದರೆ ಮುಗಿಯಿತು. ಅವಳ ಹೆಸರು, ಊರು, ಕೆಲಸ ಏನೂ ಬೇಡ. ಒಡೆದವಳು, ಅಷ್ಟೇ.

ಈ ಮಾತು ನನಗೆ ಹೊಸದಾಗಿರಲಿಲ್ಲ. ನಮ್ಮ ಕಡೆ ಇದಕ್ಕೊಂದು ಹಳೆಯ ಶಬ್ದವಿದೆ: ಮನೆಮುರುಕಿ. ಗಮನಿಸಿದ್ದೀರಾ, ಈ ಬೈಗುಳ ಹೆಚ್ಚಾಗಿ ಹೆಂಗಸಿಗೇ ಮೀಸಲು. ಅಣ್ಣತಮ್ಮಂದಿರು ಬೇರೆಯಾದರೆ ಊರವರು ಮೊದಲು ಕೇಳುವುದು ಸೊಸೆ ಬಂದು ಎಷ್ಟು ದಿನವಾಯಿತು ಎಂದು! ನಾನು ಚಿಕ್ಕವಳಿದ್ದಾಗ ಮಲೆನಾಡಿನ ನಮ್ಮ ಮನೆಯೂ ಹಿಸೆಯಾಯಿತು. ಆಗ ಆ ಹೆಸರು ನನ್ನ ಚಿಕ್ಕಮ್ಮನ ಪಾಲಿಗೆ ಬಂತು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮೇಷ್ಟರ ಕೆಲಸ ಮಾಡಿ ಮಾಡಿ ನನಗೊಂದು ಅಭ್ಯಾಸವಾಗಿದೆ. ಎಂಥ ದಡ್ಡನ ಉತ್ತರ ಪತ್ರಿಕೆಯಾದರೂ ಓದದೆ ಅಂಕ ಹಾಕುವುದಿಲ್ಲ. ಈ ಯೋಕೋ ಓನೋಗೆ ಜಗತ್ತು ಐವತ್ತು ವರ್ಷಗಳಿಂದ ಸೊನ್ನೆ ಹಾಕುತ್ತಾ ಬಂದಿದೆಯಲ್ಲ, ಅವಳ ಪತ್ರಿಕೆಯನ್ನು ಯಾರಾದರೂ ಬಿಚ್ಚಿ ನೋಡಿದ್ದಾರೆಯೇ? ಬೇಸಿಗೆ ರಜೆಯಲ್ಲಿ ನಾನು ಬಿಚ್ಚಿದೆ. ಓದಿದೆ, ಮಗನ ಫೋನಿನಲ್ಲಿ ಕೇಳಿದೆ, ನೋಡಿದೆ. ಓದಿದಷ್ಟೂ ಸಿಟ್ಟು ಬಂತು. ಆ ಸಿಟ್ಟನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆಕೆ ಹುಟ್ಟಿದ್ದು 1933ರಲ್ಲಿ, ಟೋಕಿಯೋದಲ್ಲಿ. ತಾಯಿಯ ಕಡೆಯವರು ಜಪಾನಿನ ದೊಡ್ಡ ಬ್ಯಾಂಕಿಂಗ್ ಮನೆತನದವರಾದ ಯಸುದಾ ವಂಶದವರು. ತಂದೆ ಪಿಯಾನೋ ವಾದಕನಾಗಬೇಕೆಂದಿದ್ದು ಕೊನೆಗೆ ಬ್ಯಾಂಕಿನ ಅಧಿಕಾರಿಯಾದವರು. ಚಿಕ್ಕಂದಿನಲ್ಲಿ ಆಕೆ ಹೋಗುತ್ತಿದ್ದ ಶಾಲೆಯಲ್ಲಿ ಒಂದು ಮನೆಗೆಲಸ ಕೊಡುತ್ತಿದ್ದರಂತೆ. ದಿನವಿಡೀ ಕಿವಿಗೆ ಬಿದ್ದ ಸದ್ದುಗಳನ್ನು ಸಂಗೀತದ ಸ್ವರಗಳಾಗಿ ಬರೆದು ತರಬೇಕು. ಗಡಿಯಾರದ ಸದ್ದು, ಬೀದಿಯ ಸದ್ದು, ಯಾವುದಾದರೂ ಸರಿ. ಇದನ್ನು ಓದಿ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಇಷ್ಟು ವರ್ಷ ಪಾಠ ಹೇಳಿದ್ದೇನೆ, ಇಂಥ ಒಂದು ಮನೆಗೆಲಸ ಕೊಡಬೇಕೆಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ!

1945ರ ಮಾರ್ಚಿನಲ್ಲಿ ಅಮೆರಿಕದ ವಿಮಾನಗಳು ಟೋಕಿಯೋದ ಮೇಲೆ ಬೆಂಕಿಬಾಂಬು ಸುರಿಸಿದಾಗ ಆಕೆಗೆ ಹನ್ನೆರಡು ವರ್ಷ. ತಂದೆ ದೂರದ ಹನೋಯ್‌ನಲ್ಲಿದ್ದರು. ತಾಯಿ ಮಕ್ಕಳನ್ನು ಹಳ್ಳಿಗೆ ಕಳಿಸಿದಳು. ಶ್ರೀಮಂತರ ಮಕ್ಕಳು ಮನೆಯ ಸಾಮಾನು ಕೊಟ್ಟು ಅದರ ಬದಲಿಗೆ ಅಕ್ಕಿ ತರಬೇಕಾಯಿತು. ಹೊಟ್ಟೆಗಿಲ್ಲದೆ ಅಳುವ ತಮ್ಮನನ್ನು ಪಕ್ಕದಲ್ಲಿ ಮಲಗಿಸಿಕೊಂಡು, ಆಕಾಶ ನೋಡುತ್ತಾ, ಇವತ್ತು ಏನೇನು ಊಟ ಎಂದು ಕಲ್ಪಿಸಿಕೊಳ್ಳುವ ಆಟ ಆಡಿಸುತ್ತಿದ್ದಳಂತೆ. ಅದೇ ತನ್ನ ಮೊದಲ ಕಲಾಕೃತಿ ಇರಬೇಕೆಂದು ಮುಂದೆ ಆಕೆಯೇ ಹೇಳಿಕೊಂಡಿದ್ದಾಳೆ. ನಂಬುತ್ತೇನೆ. ಹಸಿದ ಮಗುವನ್ನು ಕಥೆ ಹೇಳಿ ಮಲಗಿಸಿದ ಯಾವ ಹೆಂಗಸೂ ನಂಬುತ್ತಾಳೆ.

ಯುದ್ಧ ಮುಗಿದ ಮೇಲೆ ಟೋಕಿಯೋದ ಗಾಕುಶೂಯಿನ್ ವಿಶ್ವವಿದ್ಯಾಲಯದ ತತ್ತ್ವಶಾಸ್ತ್ರ ವಿಭಾಗಕ್ಕೆ ಸೇರಿದ ಮೊದಲ ಹೆಣ್ಣು ಈಕೆ. ಸಂಗೀತ ರಚನೆ ಮಾಡುತ್ತೇನೆಂದರೆ ಅದು ಹೆಂಗಸರಿಗೆ ಕಷ್ಟವೆಂದು ತಂದೆ ಹೇಳಿದರಂತೆ. ಮನೆಯವರು ಅಮೆರಿಕಕ್ಕೆ ಹೋದಾಗ ತಾನೂ ಹೋಗಿ ಕಾಲೇಜು ಸೇರಿದಳು, ಅರ್ಧಕ್ಕೇ ಬಿಟ್ಟಳು. 1956ರಲ್ಲಿ ತೋಶಿ ಇಚಿಯಾನಗಿ ಎಂಬ ಸಂಗೀತ ರಚನಕಾರನನ್ನು ಮದುವೆಯಾದಳು. 1960ರ ಚಳಿಗಾಲದಲ್ಲಿ ನ್ಯೂಯಾರ್ಕಿನ ಚೇಂಬರ್ಸ್ ಸ್ಟ್ರೀಟ್‌ನಲ್ಲಿ ಐವತ್ತು ಡಾಲರಿನಷ್ಟು ಬಾಡಿಗೆಗೆ ಒಂದು ಅಟ್ಟದ ಮನೆ ಹಿಡಿದಳು. ಬಿಸಿನೀರಿಲ್ಲ, ಕಾಯಿಸುವ ವ್ಯವಸ್ಥೆಯಿಲ್ಲ. ಅಲ್ಲಿ ಲಾ ಮಾಂಟೆ ಯಂಗ್ ಎಂಬ ಸಂಗೀತಗಾರನೊಡನೆ ಕಛೇರಿಗಳನ್ನು ಏರ್ಪಡಿಸಿದಳು. ಜಾನ್ ಕೇಜ್, ಮಾರ್ಸೆಲ್ ದ್ಯುಶಾಂಪ್ ಅಂಥವರು ಬಂದು ಕುಳಿತು ಕೇಳಿದರು. ಮನೆ ಆಕೆಯದು, ಬಾಡಿಗೆ ಆಕೆಯದು, ಆದರೆ ಬಹಳ ದಿನ ಹೆಸರು ಬಂದದ್ದು ಗಂಡಸರಿಗೆ. ಮನೆಗೆ ಬಂದವರೆಲ್ಲ "ಏನು ಸಾರ್, ಎಷ್ಟು ಚೆನ್ನಾಗಿ ಕಾರ್ಯಕ್ರಮ ಮಾಡಿದಿರಿ" ಎಂದು ಯಜಮಾನರ ಕೈಕುಲುಕಿ ಹೋಗುತ್ತಾರಲ್ಲ, ಹಾಗೆ.

ಬೀಟಲ್ಸ್‌ನ ಜಾನ್ ಲೆನನ್ ಆಕೆಯ ಬದುಕಿಗೆ ಬರಲು ಇನ್ನೂ ಆರು ವರ್ಷವಿತ್ತು ಎಂಬುದನ್ನು ನೆನಪಿಡಿ.

1964ರಲ್ಲಿ ಜಪಾನಿನ ಕ್ಯೋಟೋದಲ್ಲಿ ಆಕೆ 'ಕಟ್ ಪೀಸ್' ಎಂಬ ಪ್ರದರ್ಶನ ಕೊಟ್ಟಳು. ತನ್ನಲ್ಲಿದ್ದ ಒಳ್ಳೆಯ ಉಡುಪು ತೊಟ್ಟು ವೇದಿಕೆಯ ಮೇಲೆ ಮಂಡಿಯೂರಿ ಕುಳಿತಳು. ಎದುರಿಗೆ ಒಂದು ಕತ್ತರಿ. ಸಭಿಕರು ಒಬ್ಬೊಬ್ಬರಾಗಿ ಬಂದು ಆಕೆಯ ಬಟ್ಟೆಯ ಒಂದು ತುಂಡು ಕತ್ತರಿಸಿಕೊಂಡು ಹೋಗಬಹುದು. ಆಕೆ ಮಾತಾಡುವುದಿಲ್ಲ, ಅಲುಗುವುದಿಲ್ಲ. ಇಷ್ಟೇ ಪ್ರದರ್ಶನ. ಮುಂದಿನ ವರ್ಷ ನ್ಯೂಯಾರ್ಕಿನ ಕಾರ್ನೆಗಿ ರಿಸೈಟಲ್ ಹಾಲ್‌ನಲ್ಲಿ ಮಾಡಿದ್ದರ ಚಿತ್ರೀಕರಣ ಉಳಿದಿದೆ. ಮೊದಲು ಬರುವವರು ಸಂಕೋಚದಿಂದ ತೋಳಿನ ಅಂಚು, ಲಂಗದ ತುದಿ ಕತ್ತರಿಸುತ್ತಾರೆ. ಆಮೇಲೆ ಒಬ್ಬ ಯುವಕ ಬರುತ್ತಾನೆ. ನಗುನಗುತ್ತಾ, ಸಾವಕಾಶವಾಗಿ, ಒಳ ಉಡುಪಿನ ಪಟ್ಟಿಗೇ ಕತ್ತರಿ ಹಾಕುತ್ತಾನೆ. ಆಕೆಯ ಕಣ್ಣು ಒಮ್ಮೆ ಮೇಲಕ್ಕೆ ಹೊರಳುತ್ತದೆ. ಎರಡೂ ಕೈ ಎದೆಯ ಮೇಲೆ ಬರುತ್ತವೆ.

ನಾನು ಅಲ್ಲಿಗೆ ಫೋನನ್ನು ಕವುಚಿಟ್ಟೆ. ಆ ಯುವಕನ ನಗು ನನಗೆ ಗೊತ್ತಿತ್ತು. ತುಂಬಿದ ಬಸ್ಸಿನಲ್ಲಿ ನೋಡಿದ್ದೇನೆ, ಜಾತ್ರೆಯಲ್ಲಿ ನೋಡಿದ್ದೇನೆ. ನೀವೂ ನೋಡಿದ್ದೀರಿ. ನಮಗೆ ದ್ರೌಪದಿಯ ಕಥೆ ಗೊತ್ತು. ಅಲ್ಲಿ ಸೆಳೆದವನು ಒಬ್ಬ, ತಲೆ ತಗ್ಗಿಸಿ ಕುಳಿತದ್ದು ಇಡೀ ಸಭೆ. ಯೋಕೋ ಆ ಸಭೆಯನ್ನೇ ಎಬ್ಬಿಸಿ, ಕೈಗೆ ಕತ್ತರಿ ಕೊಟ್ಟು, ನೀವು ಏನು ಮಾಡುತ್ತೀರಿ ನೋಡೋಣ ಎಂದಳು. ಇಂಥದ್ದೊಂದನ್ನು ಯೋಚಿಸಿ, ತನ್ನ ಮೈಯನ್ನೇ ಒಡ್ಡಿ ತೋರಿಸಿದವಳನ್ನು 'ಯಾರದೋ ಹೆಂಡತಿ' ಎಂದು ಕರೆದು ಮುಗಿಸಬಹುದೇ? 2003ರಲ್ಲಿ, ಎಪ್ಪತ್ತನೆಯ ವಯಸ್ಸಿನಲ್ಲಿ, ಪ್ಯಾರಿಸ್ಸಿನಲ್ಲಿ ಆಕೆ ಅದೇ ಕತ್ತರಿಯ ಮುಂದೆ ಮತ್ತೆ ಕುಳಿತಳು. ಅದಕ್ಕೆಷ್ಟು ಎದೆಗಾರಿಕೆ ಬೇಕು!

ಅದೇ 1964ರಲ್ಲಿ 'ಗ್ರೇಪ್‌ಫ್ರೂಟ್' ಎಂಬ ಪುಸ್ತಕವನ್ನು ಟೋಕಿಯೋದಲ್ಲಿ ತಾನೇ ಅಚ್ಚು ಹಾಕಿಸಿದಳು, 500 ಪ್ರತಿ. ಅದರ ತುಂಬ ಪುಟ್ಟ ಪುಟ್ಟ ಸೂಚನೆಗಳು. ಕೆಲವನ್ನು ಮಾಡಿ ನೋಡಬಹುದು, ಕೆಲವನ್ನು ಮನಸ್ಸಿನಲ್ಲೇ ಮಾಡಿಕೊಳ್ಳಬೇಕು. ಬೆಂಕಿಕಡ್ಡಿ ಗೀರಿ ಅದು ಆರುವತನಕ ನೋಡುವುದು ಅಂಥದ್ದೊಂದು. "ಇದೂ ಒಂದು ಕಲೆಯೇ?" ಎಂದು ನಮ್ಮ ಸ್ಟಾಫ್ ರೂಮಿನಲ್ಲಿ ನಕ್ಕರು. ನಾನೂ ಮೊದಲು ನಕ್ಕಿದ್ದೆ. ಆಮೇಲೆ ಒಂದು ಸಂಜೆ ಕರೆಂಟು ಹೋದಾಗ ಕಡ್ಡಿ ಗೀರಿ ನೋಡಿದೆ. ಮೂವತ್ತು ವರ್ಷದಿಂದ ದಿನಾ ದೇವರ ಮುಂದೆ ಗೀರುತ್ತಿದ್ದೇನೆ, ನೋಡಿದ್ದು ಅವತ್ತೇ.

ಇನ್ನು ಸಂಗೀತ. ಹೆಚ್ಚು ಜನ ನಗುವುದು ಇಲ್ಲೇ. ಹಾಡಲು ಬಾರದವಳು, ಕಿರುಚುವವಳು, ಗಂಡನ ಹೆಸರಿನಿಂದ ಮೈಕು ಸಿಕ್ಕಿತು ಎಂದು. 1968ರ ಫೆಬ್ರವರಿಯಲ್ಲಿ, ಲೆನನ್ ಜೊತೆ ಬಾಳು ಶುರುವಾಗುವ ಮೊದಲೇ, ಅಮೆರಿಕದ ಹೆಸರಾಂತ ಜಾಝ್ ವಾದಕ ಆರ್ನೆಟ್ ಕೋಲ್ಮನ್ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಆಕೆಯನ್ನು ತನ್ನೊಡನೆ ವೇದಿಕೆಗೆ ಹತ್ತಿಸಿದ್ದ. ಮೈಕು ಕೊಟ್ಟವರು ಬೇರೆಯವರೂ ಇದ್ದರು ಸ್ವಾಮಿ! ಆ ಕೂಗಿನ ಹಿಂದೆ ಕಬುಕಿ ನಾಟಕದ ಗಾಯನವಿದೆ, ಯುರೋಪಿನ ಆಧುನಿಕ ಒಪೆರಾ ಇದೆ. ಜೊತೆಗೆ, ಚಿಕ್ಕಂದಿನಲ್ಲಿ ಮನೆಯ ಕೆಲಸದವರು ಹೆರಿಗೆ ನೋವಿನ ಕೂಗನ್ನು ನಟಿಸಿ ತೋರಿಸಿದ್ದು ಮನಸ್ಸಿನಲ್ಲಿ ಉಳಿದಿತ್ತೆಂದು ಆಕೆಯೇ ಹೇಳಿಕೊಂಡಿದ್ದಾಳೆ.

ಸುಳ್ಳು ಹೇಳುವುದಿಲ್ಲ, ನನಗೆ ಆ ಹಾಡುಗಳು ಹಿತವಾಗಲಿಲ್ಲ. ಬೆಳಿಗ್ಗೆ ಎದ್ದು ಕೇಳುವಂಥವಲ್ಲ. ಆದರೆ 1969ರ 'ಡೋಂಟ್ ವರಿ ಕ್ಯೋಕೋ' ಕೇಳುವಾಗ ಕೈಕೆಲಸ ಬಿಟ್ಟು ನಿಂತುಬಿಟ್ಟೆ. ಕ್ಯೋಕೋ ಆಕೆಯ ಮಗಳು, ಎರಡನೆಯ ಗಂಡ ಆಂಥನಿ ಕಾಕ್ಸ್‌ನಿಂದ ಹುಟ್ಟಿದವಳು. ಹಾಡಿನುದ್ದಕ್ಕೂ ತಾಯಿ ಆ ಮಗುವಿಗಾಗಿ ಕೂಗುತ್ತಾಳೆ, ಗಂಟಲು ಹರಿಯುವಂತೆ. ಎರಡು ವರ್ಷದ ಮೇಲೆ, 1971ರಲ್ಲಿ, ಕಾಕ್ಸ್ ಮಗಳನ್ನು ಕರೆದುಕೊಂಡು ಕಣ್ಮರೆಯಾದ. ನ್ಯಾಯಾಲಯ ಮಗುವನ್ನು ತಾಯಿಗೇ ಒಪ್ಪಿಸಿದರೂ ಮಗು ಸಿಗಲಿಲ್ಲ. ತಾಯಿ ಮಗಳು ಮತ್ತೆ ಮಾತಾಡಿದ್ದು 1990ರ ದಶಕದಲ್ಲಿ, ಆ ಮಗು ದೊಡ್ಡ ಹೆಂಗಸಾದ ಮೇಲೆ. ಹೆಂಗಸು ಇಂಪಾಗಿ ಹಾಡಬೇಕು, ಅತ್ತರೂ ಇಂಪಾಗಿಯೇ ಅಳಬೇಕು ಎನ್ನುವವರಿಗೆ ನಾನು ಹೇಳುವುದಿಷ್ಟೆ: ಹೆರಿಗೆ ವಾರ್ಡಿನ ಹೊರಗೆ ಹತ್ತು ನಿಮಿಷ ನಿಂತು ಬನ್ನಿ.

ಈಗ ಆ ದೊಡ್ಡ ಆರೋಪಕ್ಕೆ ಬರೋಣ, ಬೀಟಲ್ಸ್ ಒಡೆದದ್ದಕ್ಕೆ.

ಲಿವರ್‌ಪೂಲಿನ ಆ ನಾಲ್ವರು ಹುಡುಗರು 1966ರ ಆಗಸ್ಟಿಗೇ ಊರೂರು ತಿರುಗಿ ಕಛೇರಿ ಕೊಡುವುದನ್ನು ನಿಲ್ಲಿಸಿಬಿಟ್ಟಿದ್ದರು. ಲೆನನ್ ಯೋಕೋಳನ್ನು ಮೊದಲು ಕಂಡದ್ದು ಆ ನವೆಂಬರಿನಲ್ಲಿ, ಲಂಡನ್ನಿನಲ್ಲಿ, ಆಕೆಯದೇ ಕಲಾ ಪ್ರದರ್ಶನದಲ್ಲಿ. 1967ರ ಆಗಸ್ಟಿನಲ್ಲಿ ತಂಡದ ಲೆಕ್ಕಪತ್ರ, ಜಗಳ, ಮುನಿಸು ಎಲ್ಲವನ್ನೂ ಸಂಭಾಳಿಸುತ್ತಿದ್ದ ಮ್ಯಾನೇಜರ್ ಬ್ರಯನ್ ಎಪ್‌ಸ್ಟೀನ್ ತೀರಿಕೊಂಡ. ಮನೆಯ ಹಿರಿಯ ಹೋದಂತಾಯಿತು. 1968ರಲ್ಲಿ ತಾವೇ ತೆರೆದ ಕಂಪನಿಯಲ್ಲಿ ದುಡ್ಡು ನೀರಿನಂತೆ ಹರಿದುಹೋಯಿತು. ಆ ಆಗಸ್ಟಿನಲ್ಲಿ ರಿಂಗೋ ಮುನಿಸಿಕೊಂಡು ಹೊರಟ, ಎರಡು ವಾರದ ಮೇಲೆ ಬಂದ. 1969ರ ಜನವರಿಯಲ್ಲಿ ಜಾರ್ಜ್ ಹೊರಟ. ತನ್ನ ಹಾಡುಗಳಿಗೆ ತಂಡದಲ್ಲಿ ಜಾಗವಿಲ್ಲವೆಂಬ ಅವನ ಅಸಮಾಧಾನ ಎಷ್ಟಿತ್ತೆಂದರೆ, ತಂಡ ಮುರಿದ ವರ್ಷವೇ ಮೂರು ತಟ್ಟೆಗಳ ಆಲ್ಬಮ್ ತಂದ. ಹೊಸ ಯಜಮಾನ ಯಾರಾಗಬೇಕು ಎಂಬ ಜಗಳದಲ್ಲಿ ಮೂವರು ಆಲನ್ ಕ್ಲೈನ್ ಎಂಬವನ ಕಡೆ, ಪಾಲ್ ತನ್ನ ಹೆಂಡತಿಯ ತಂದೆ ಮತ್ತು ಅಣ್ಣನ ಕಡೆ. 1970ರ ಡಿಸೆಂಬರ್ 31ರಂದು ಪಾಲ್ ಕೋರ್ಟಿಗೆ ಹೋದ.

ನೀವೇ ಹೇಳಿ, ನಮ್ಮೂರಿನ ಯಾವ ಹಿಸೆಯ ಕಥೆ ಇದಕ್ಕಿಂತ ಬೇರೆಯಾಗಿದೆ? ಹಿರಿಯರು ಹೋದರು, ಲೆಕ್ಕ ತಪ್ಪಿತು, ಕಿರಿಯವನಿಗೆ ಮರ್ಯಾದೆಯಿಲ್ಲ, ಬೀಗರು ಬಾಯಿ ಹಾಕಿದರು, ಕೋರ್ಟು ಹತ್ತಿದರು. ಇಷ್ಟೂ ಕಾರಣ ಕಣ್ಣೆದುರಿಗಿರುವಾಗ ಜಗತ್ತು ಬೆರಳು ತೋರಿಸಿದ್ದು ಮೂಲೆಯಲ್ಲಿ ಕುಳಿತಿದ್ದ ಹೆಂಗಸಿನ ಕಡೆಗೆ.

ಅಲ್ಲಿ ಆಕೆ ಏನು ಮಾಡುತ್ತಿದ್ದಳು? 1969ರ ಜನವರಿಯ ತಾಲೀಮನ್ನು ಚಿತ್ರೀಕರಿಸಿದ್ದರು. ಅದು 2021ರಲ್ಲಿ 'ಗೆಟ್ ಬ್ಯಾಕ್' ಎಂಬ ಹೆಸರಿನಲ್ಲಿ ಸುಮಾರು ಎಂಟು ಗಂಟೆಯ ಸಾಕ್ಷ್ಯಚಿತ್ರವಾಗಿ ಬಂತು. ನೋಡಿದರೆ ಬಹಳ ಹೊತ್ತು ಆಕೆ ಪತ್ರಿಕೆ ಓದುತ್ತಾ, ಲೆನನ್ ಪಕ್ಕದಲ್ಲಿ ಸುಮ್ಮನೆ ಕುಳಿತಿರುತ್ತಾಳೆ. ಯೋಕೋ ಒಂದು ಆಂಪ್ಲಿಫೈಯರ್ ಮೇಲೆ ಕುಳಿತದ್ದಕ್ಕೆ ಬೀಟಲ್ಸ್ ಒಡೆಯಿತಂತೆ ಎಂದು ಐವತ್ತು ವರ್ಷದ ಮೇಲೆ ಜನ ಹೇಳಿದರೆ ಎಷ್ಟು ತಮಾಷೆ ಎಂದು ಪಾಲ್ ಅದೇ ಚಿತ್ರದಲ್ಲಿ ನಗುತ್ತಾನೆ. ಜನ ಹಾಗೇ ಹೇಳಿದರು. ಒಡೆದದ್ದು ಆಕೆಯಲ್ಲ ಎಂದು 2012ರಲ್ಲಿ ಅದೇ ಪಾಲ್ ಸಂದರ್ಶನದಲ್ಲಿ ಸ್ಪಷ್ಟವಾಗಿ ಹೇಳಿದ. ನಲವತ್ತು ವರ್ಷ ದಾಟಿದ ಮೇಲೆ! ಅಷ್ಟರಲ್ಲಿ ಬೈಗುಳ ಗಾದೆಯಾಗಿ, ಸಮುದ್ರ ದಾಟಿ, ನಮ್ಮ ಮಹಡಿ ಹತ್ತಿ ಕುಳಿತಾಗಿತ್ತು.

ಆಕೆ ಜಪಾನಿನವಳಾದದ್ದೂ ಅಪರಾಧವಾಯಿತು. ಯುದ್ಧ ಮುಗಿದು ಇಪ್ಪತ್ತೈದು ವರ್ಷವಾಗಿತ್ತು. ಆದರೂ 1970ರಲ್ಲಿ ಅಮೆರಿಕದ 'ಎಸ್ಕ್ವಯರ್' ಪತ್ರಿಕೆ ಆಕೆಯ ಬಗ್ಗೆ ಬರೆದ ಲೇಖನದ ತಲೆಬರಹದಲ್ಲೇ ಜಪಾನಿಗಳ ಉಚ್ಚಾರಣೆಯನ್ನು ಅಣಕಿಸಿ, ಲಕಾರ ರಕಾರಗಳನ್ನು ಅದಲುಬದಲು ಮಾಡಿ ಅಚ್ಚು ಹಾಕಿತು. ದೊಡ್ಡವರ ಪತ್ರಿಕೆ, ಮಕ್ಕಳೂ ನಾಚುವ ಚೇಷ್ಟೆ.

ಹೆಸರು ಕೊಡುವಾಗ ಮಾತ್ರ ಕೈ ಬಿಗಿಯಾಯಿತು. 1971ರ 'ಇಮ್ಯಾಜಿನ್' ಹಾಡನ್ನು ನಮ್ಮ ಶಾಲೆಯ ವಾರ್ಷಿಕೋತ್ಸವದಲ್ಲೂ ಮಕ್ಕಳು ಹಾಡಿದ್ದಾರೆ. ಅದರ ಮೂಲ ಕಲ್ಪನೆ, ಸಾಹಿತ್ಯದ ಬಹುಪಾಲು ಯೋಕೋಳ ಪುಸ್ತಕದಿಂದ ಬಂದದ್ದು, ಆಕೆಯ ಹೆಸರನ್ನೂ ಹಾಕಬೇಕಿತ್ತು, ಗಂಡಸಿನ ಸ್ವಾರ್ಥದಿಂದ ಬಿಟ್ಟೆ ಎಂದು ಲೆನನ್ನೇ 1980ರ ಡಿಸೆಂಬರಿನಲ್ಲಿ ಬಿಬಿಸಿಗೆ ಹೇಳಿದ. ಅಮೆರಿಕದ ಸಂಗೀತ ಪ್ರಕಾಶಕರ ಸಂಘ ಆಕೆಯನ್ನು ಸಹರಚನಕಾರ್ತಿಯೆಂದು ಘೋಷಿಸಿದ್ದು 2017ರಲ್ಲಿ. ಹಾಡು ಹುಟ್ಟಿ ನಲವತ್ತಾರು ವರ್ಷದ ಮೇಲೆ, ಆಕೆಗೆ ಎಂಬತ್ತನಾಲ್ಕಾದಾಗ.

ಆ ಸಂದರ್ಶನ ಕೊಟ್ಟ ಎರಡನೆಯ ದಿನ, ಡಿಸೆಂಬರ್ 8ರ ರಾತ್ರಿ, ಇಬ್ಬರೂ ಯೋಕೋಳ 'ವಾಕಿಂಗ್ ಆನ್ ಥಿನ್ ಐಸ್' ಹಾಡಿನ ಕೆಲಸ ಮುಗಿಸಿ ಮನೆ ಬಾಗಿಲಿಗೆ ಬಂದಾಗ, ಆಕೆಯ ಕಣ್ಣೆದುರಿಗೇ ಲೆನನ್ನನ್ನು ಗುಂಡಿಟ್ಟು ಕೊಂದರು. ಐದು ವರ್ಷದ ಮಗ ಮನೆಯಲ್ಲಿದ್ದ. ಮುಂದಿನ ವರ್ಷ ಆಕೆ ತಂದ ಆಲ್ಬಮ್ಮಿನ ಹೊದಿಕೆಯ ಮೇಲೆ ಗಂಡನ ರಕ್ತ ಮೆತ್ತಿದ ಕನ್ನಡಕವಿತ್ತು. ಅದನ್ನೂ ಜನ ಆಡಿಕೊಂಡರು. ವಿಧವೆ ಹೇಗೆ ಅಳಬೇಕೆಂದು ಹೇಳಿಕೊಡುವವರು ಎಲ್ಲ ದೇಶದಲ್ಲೂ ಇದ್ದಾರೆ.

ನನ್ನ ಮಾತಿಗೆ ಎದುರು ಮಾತೂ ಇದೆ. ಸ್ಟಾಫ್ ರೂಮಿನಲ್ಲಿ ಗಣಿತದ ಮೇಡಂ ಕೇಳಿದರು: "ಆ ಲೆನನ್‌ಗೆ ಮೊದಲೇ ಮದುವೆಯಾಗಿತ್ತಂತಲ್ಲ ಟೀಚರ್? ಅವಳ ಮನೆ ಮುರೀಲಿಲ್ವಾ?" ನ್ಯಾಯವಾದ ಪ್ರಶ್ನೆ. ಸಿಂಥಿಯಾ ಎಂಬ ಹೆಂಡತಿಗೂ ಜೂಲಿಯನ್ ಎಂಬ ಪುಟ್ಟ ಮಗನಿಗೂ ಅನ್ಯಾಯವಾಯಿತು. ಅದನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಸಿಂಥಿಯಾಳಿಗೆ ಮಾತು ಕೊಟ್ಟವನು ಜಾನ್, ತಪ್ಪಿದವನೂ ಜಾನ್. ಯೋಕೋಳ ಪಾಲು ಎಷ್ಟೇ ಇರಲಿ, ಅವನ ಪಾಲನ್ನು ಆಕೆಯ ತಲೆಗೆ ಕಟ್ಟುವುದು ಯಾವ ನ್ಯಾಯ? ಅದೂ ಅಲ್ಲದೆ, ಯೋಕೋಳನ್ನು ಬೈದವರು ಯಾರೂ ಸಿಂಥಿಯಾಳಿಗಾಗಿ ಅತ್ತವರಲ್ಲ. ಅವರು ಅತ್ತದ್ದು ಬ್ಯಾಂಡಿಗಾಗಿ.

ಯೋಕೋ ಬೈಗುಳಕ್ಕೆ ಕಾಯುತ್ತಾ ಕೂರಲಿಲ್ಲ, ಅದೇ ನನಗೆ ಸಮಾಧಾನ. 1971ರಲ್ಲಿ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ತನ್ನ ಪ್ರದರ್ಶನವಿದೆಯೆಂದು ಆಕೆ ತಾನೇ ಜಾಹೀರಾತು ಕೊಟ್ಟಿದ್ದಳು. ಮ್ಯೂಸಿಯಂ ಕರೆದಿರಲೇ ಇಲ್ಲ, ಆ ತಮಾಷೆಯೇ ಪ್ರದರ್ಶನ! 2015ರಲ್ಲಿ ಅದೇ ಮ್ಯೂಸಿಯಂ ನಿಜವಾಗಿ ಕರೆದು ಪ್ರದರ್ಶನ ಏರ್ಪಡಿಸಿತು. 2009ರಲ್ಲಿ ವೆನಿಸ್ ಬಿಯೆನಾಲೆ ಜೀವಮಾನದ ಸಾಧನೆಗೆ ಚಿನ್ನದ ಸಿಂಹ ಕೊಟ್ಟಿತು. 2012ರಲ್ಲಿ ದೆಹಲಿಗೆ ಬಂದು ಹೆಣ್ಣುಮಕ್ಕಳ ಹೆಸರಿನಲ್ಲೇ ಪ್ರದರ್ಶನ ಮಾಡಿಹೋದಳು. 2024ರಲ್ಲಿ ಲಂಡನ್ನಿನ ಟೇಟ್ ಮಾಡರ್ನ್ ಆಕೆಯ ಇಡೀ ಬದುಕಿನ ಕೆಲಸವನ್ನು ಒಂದೆಡೆ ಇಟ್ಟಿತು. ಆಗ ಆಕೆಗೆ ತೊಂಬತ್ತೊಂದು.

ನನ್ನ ಚಿಕ್ಕಮ್ಮನಿಗೆ ಅಷ್ಟು ಆಯುಸ್ಸು ಇರಲಿಲ್ಲ. ಅವರು ಮದುವೆಮನೆಗಳಲ್ಲಿ ಹಸೆಯ ಹಾಡು ಹೇಳುತ್ತಿದ್ದರು. ಬೀಗರ ಹೆಸರು, ಊರು, ಮೂಗು ಎಲ್ಲವನ್ನೂ ನಿಂತ ನಿಲುವಿನಲ್ಲೇ ಹಾಡಿಗೆ ಸೇರಿಸಿ ಚಪ್ಪರವನ್ನೆಲ್ಲ ನಗಿಸುತ್ತಿದ್ದರು. ಅಡಿಕೆ ಮಂಡಿಯ ಸಾಲದ ಲೆಕ್ಕದಲ್ಲಿ ಅಪ್ಪನಿಗೂ ಚಿಕ್ಕಪ್ಪನಿಗೂ ಜಗಳವಾಗಿ ಮನೆ ಹಿಸೆಯಾದ ಮೇಲೆ ಅವರನ್ನು ಹಸೆ ಹಾಡಿಗೆ ಕರೆಯುವುದು ನಿಂತುಹೋಯಿತು. ಮಂಗಳಕಾರ್ಯಕ್ಕೆ ಮನೆಮುರುಕಿ ಬೇಡ ಎಂದರು. ನಾನೂ, ಹತ್ತು ವರ್ಷದವಳು, ಗೋಡೆಯಾಚೆಯಿಂದ ಆ ಮಾತನ್ನು ಕೂಗಿದ್ದೆ. ಅವರು ಬಟ್ಟೆ ಹರವುತ್ತಿದ್ದರು, ತಿರುಗಿ ನೋಡಲಿಲ್ಲ. ಆ ಹಾಡುಗಳನ್ನು ಯಾರೂ ಬರೆದಿಡಲಿಲ್ಲ. ಇವತ್ತು ನಮ್ಮ ಬಂಧುಬಳಗದಲ್ಲಿ ಅವರ ಬಗ್ಗೆ ಉಳಿದಿರುವುದು ಆ ಒಂದು ಶಬ್ದ ಮಾತ್ರ. ಒಂದು ಬೈಗುಳ ಎಷ್ಟು ಹಾಡುಗಳನ್ನು ತಿಂದುಹಾಕಬಲ್ಲದು ಎಂದು ಐವತ್ತು ದಾಟಿದ ಮೇಲೆ ನನಗೆ ಅರ್ಥವಾಗುತ್ತಿದೆ.

ಆದ್ದರಿಂದ ಮೊನ್ನೆ ಊಟಕ್ಕೆ ಕುಳಿತಾಗ ಮಗನನ್ನು ಕೇಳಿದೆ:

"ಆ ಹುಡುಗಿ ಏನು ಮಾಡ್ತಾಳೋ?"

"ಯಾವ ಹುಡುಗಿ?"

"ಅದೇ, ನಿಮ್ಮ ಯೋಕೋ."

ಅವನು ತುತ್ತು ಹಿಡಿದು ಯೋಚಿಸಿದ. "ವಯಲಿನ್ ನುಡಿಸ್ತಾಳೆ ಅನ್ಸುತ್ತೆ."

"ಕೇಳಿದ್ದೀಯಾ?"

"ಇಲ್ಲ."

ಒಂದು ಭಾನುವಾರ ಇಬ್ಬರನ್ನೂ ಕರೆದುಕೊಂಡು ಬಾ ಎಂದೆ. ಮಹಡಿಯ ಕೋಣೆ ಹೇಗೂ ಖಾಲಿ ಬಿದ್ದಿದೆ.